ಮುರಿಯಲೆಂದೇ ಇಟ್ಟ ಪಿನ್ನು

ನಮ್ಮ ಮನೆಯ ಊಟದ ಮೇಜಿನ ಮೇಲೆ, ಶೇಂಗಾ ಚಟ್ನಿಯ ಡಬ್ಬಿಗೂ ಉಪ್ಪಿನಕಾಯಿಯ ಭರಣಿಗೂ ನಡುವೆ, ಗಾಲಿ ಕಳಚಿದ ಒಂದು ಟ್ರಕ್ಕು ಅಂಗಾತ ಮಲಗಿರುತ್ತದೆ. ಉದ್ದ ಒಂದೂವರೆ ಅಡಿ, ಹೊಟ್ಟೆ ಬಿಚ್ಚಿದೆ, ಒಳಗಿನ ತಂತಿಗಳು ಹೊರಗೆ ಇಣುಕುತ್ತಿವೆ. ಮನೆಗೆ ಬಂದ ನೆಂಟರು ಮೊದಲು ಅದನ್ನು, ಆಮೇಲೆ ನನ್ನ ನರೆತ ತಲೆಯನ್ನು ನೋಡಿ, "ಮೊಮ್ಮಗಂದೇನ್ರಿ?" ಎಂದು ಕೇಳುತ್ತಾರೆ. ನನಗೆ ಮೊಮ್ಮಗನಿಲ್ಲ. ಇರುವುದು ಐವತ್ಮೂರು ವರ್ಷ ವಯಸ್ಸು, ಸಿಂದಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಕೆಲಸ, ಮತ್ತು ನೆಂಟರ ಪ್ರಶ್ನೆಗೆ ನನಗಿಂತ ಮೊದಲೇ ಉತ್ತರ ಕೊಡುವ ಹೆಂಡತಿ. "ಇಲ್ರಿ, ಇವರದ," ಎನ್ನುತ್ತಾಳೆ ಶಾಂತಾ, ಕಣ್ಣು ಕೂಡ ಮಿಟುಕಿಸದೆ, "ಇವರು ಇನ್ನೂ ಸಣ್ಣವರದಾರ."

ಗೆಳೆಯರೇ, ದಯವಿಟ್ಟು ನೀವಾದರೂ ಅದನ್ನು ಆಟಿಕೆ ಎನ್ನಬೇಡಿ. ಆಟಿಕೆ ಮುರಿದರೆ ಜನ ಎಸೆಯುತ್ತಾರೆ. ಹವ್ಯಾಸದ ವಸ್ತು ಮುರಿದರೆ ಅಪ್‌ಗ್ರೇಡ್ ಮಾಡುತ್ತಾರೆ. ಈ ರಿಮೋಟ್ ಟ್ರಕ್ಕು ಕೊಂಡ ಹೊಸತರಲ್ಲಿ ಮುಂದಿನ ಗಾಲಿಯನ್ನು ಹಿಡಿದಿದ್ದ ಪ್ಲಾಸ್ಟಿಕ್ಕಿನ ತೋಳು ಮುರಿಯಿತು. ಅಲ್ಯೂಮಿನಿಯಮ್ಮಿನ ತೋಳು ತರಿಸಿ ಹಾಕಿ, ಗದೆ ಹಿಡಿದ ಭೀಮನಂತೆ ಬೀಗಿದೆ. ಮರುವಾರ ಆ ತೋಳು ಕದಲದೆ ನಿಂತಿತು, ಅದನ್ನು ಹಿಡಿದಿದ್ದ ಗೂಟ ಮುರಿಯಿತು. ಗೂಟವನ್ನು ಲೋಹದ್ದು ಮಾಡಿದೆ. ಅದರ ಹಿಂದಿನ ಚೌಕಟ್ಟು ಬಿರುಕು ಬಿಟ್ಟಿತು. ಚೌಕಟ್ಟಿಗೆ ಪಟ್ಟಿ ಹೊಡೆದೆ; ಹೊಡೆತ ಹಿಂದಕ್ಕೆ ಸರಿದು ಆಕ್ಸಲ್ಲಿಗೆ ಹೋಗಿ ಕುಳಿತಿತು. ಇಪ್ಪತ್ತೆಂಟು ವರ್ಷ ಪಾಠ ಹೇಳಿಯೂ ನನಗೆ ಹೊಳೆಯದಿದ್ದ ಒಂದು ನಿಯಮ ಹೀಗೆ ಊಟದ ಮೇಜಿನ ಮೇಲೆ ಹೊಳೆಯಿತು: ಯಂತ್ರದಲ್ಲಿ ದೌರ್ಬಲ್ಯಕ್ಕೆ ನಿವೃತ್ತಿ ಎಂಬುದಿಲ್ಲ, ಬರೀ ವರ್ಗಾವಣೆ.

ಈ ಸಾಹಸಗಳಿಗೆಲ್ಲ ರಂಗಭೂಮಿ ಇಂಗಳೇಶ್ವರದ ಹೊರಗಿನ ಒಂದು ಕಲ್ಲು ಇಳಿಜಾರು. ಭಾನುವಾರ ಬೆಳಿಗ್ಗೆ ಅಲ್ಲಿ ಮೂವರು ಸೇರುತ್ತೇವೆ. ಒಬ್ಬರು ಇಂಡಿ ಊರಿನ ಹಲ್ಲಿನ ಡಾಕ್ಟರು. ವಾರವೆಲ್ಲ ಪರರ ಬಾಯಲ್ಲಿ ಕೈಯಿಟ್ಟು ಮೌನವಾಗಿ ದುಡಿಯುವುದರಿಂದ ಭಾನುವಾರ ಬಾಯಿಗೆ ಬೀಗವಿಲ್ಲ. ಇನ್ನೊಬ್ಬರು ಬಸವನ ಬಾಗೇವಾಡಿಯ ಗಿರಿಮಲ್ಲಪ್ಪ ಸಾವ್ಕಾರರು, ತೊಗರಿಬೇಳೆ ಮಿಲ್ಲಿನ ಮಾಲೀಕರು, ಮಾತು ಕಡಿಮೆ. ಮೂರನೆಯವನು ನಾನು. ಮೂವರ ವಯಸ್ಸು ಕೂಡಿಸಿದರೆ ಒಂದೂವರೆ ಶತಮಾನ ದಾಟುತ್ತದೆ. ಕುರಿ ಕಾಯುವವರು ದೂರದ ಬೇವಿನ ಕೆಳಗೆ ನಿಂತು, ನಮ್ಮ ಗಾಡಿಗಳು ಕಲ್ಲಿನಿಂದ ಕಲ್ಲಿಗೆ ಹಾರುವುದನ್ನು ನೋಡುತ್ತಾರೆ. ಇಂಥವರ ಕೈಗೂ ಸಂಸಾರ ಕೊಟ್ಟನಲ್ಲ ಶಿವ ಎಂಬ ಅಚ್ಚರಿ ಅವರ ಮುಖದಲ್ಲಿರುತ್ತದೆ.

ಆಕ್ಸಲ್ಲು ಮೂರನೆಯ ಸಲ ಮುರಿದಾಗ ಅದನ್ನು ಹಿಡಿದುಕೊಂಡು ಆಲಮೇಲದ ರಸ್ತೆಯಲ್ಲಿರುವ ಶರಣಪ್ಪನ ಲೇಥ್ ಅಂಗಡಿಗೆ ಹೋದೆ. ಕಬ್ಬಿನ ಗಾಣದ ಶಾಫ್ಟು, ಟ್ರ್ಯಾಲಿಯ ಪಿನ್ನು, ಬೋರ್‌ವೆಲ್ಲಿನ ಕಪ್ಲಿಂಗು ಎಂದು ತೊಡೆ ಗಾತ್ರದ ಕಬ್ಬಿಣ ಕಡೆಯುವ ಮನುಷ್ಯ. ನನ್ನ ಕಿರುಬೆರಳಿನಷ್ಟಿದ್ದ ಆಕ್ಸಲ್ಲನ್ನು ಅಂಗೈಯಲ್ಲಿ ಹೊರಳಿಸಿ, "ಸರ, ಇದು ಟ್ರ್ಯಾಕ್ಟರಿನ ಮರಿ ಏನ್ರಿ?" ಎಂದ. ನಕ್ಕನೇ ಹೊರತು ಕೆಲಸವನ್ನು ಹಗುರವಾಗಿ ಹಿಡಿಯಲಿಲ್ಲ. ಎರಡು ದಿನ ಬಿಟ್ಟು ಹೋದಾಗ ಕನ್ನಡಿಯಂತೆ ಹೊಳೆಯುವ ಉಕ್ಕಿನ ಆಕ್ಸಲ್ಲು ಸಿದ್ಧವಾಗಿತ್ತು. ಅದನ್ನು ಗೇರಿಗೆ ಜೋಡಿಸುವ ಕಡ್ಡಿಯಷ್ಟು ಸಣ್ಣ ಪಿನ್ನನ್ನು ಮಾತ್ರ ಹಿತ್ತಾಳೆಯಲ್ಲಿ ಮಾಡಿದ್ದ.

"ಆಕ್ಸಲ್ ಗಟ್ಟಿ ಐತ್ರಿ. ಈ ಪಿನ್ ಮೆತ್ತಂದು," ಎಂದ. "ಗಾಲಿ ಎಲ್ಲೆರ ಕಲ್ಲಾಗ ಸಿಕ್ಕೊಂಡ್ರ ಇದು ಮುರಿತೈತಿ, ಒಳಗಿನ ಗೇರ್ ಉಳಿತಾವ. ಕಬ್ಬಿನ ಗಾಣಕ್ಕೂ ನಾವು ಹಿಂಗ ಒಂದು ಮೆತ್ತನ ಬೋಲ್ಟ್ ಹಾಕ್ತೇವ್ರಿ. ಮುರಿಯಾಕಂತನ ಹಾಕೂದದು. ನೀವು ಮಾತ್ರ ಇದನ್ನ ಬದಲಿ ಮಾಡಾಕ ಹೋಗಬ್ಯಾಡ್ರಿ." ಬೇಕಾದಾಗ ಹಾಕಿಕೊಳ್ಳಲೆಂದು ಅಂಥವೇ ಇನ್ನಷ್ಟನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಕೊಟ್ಟ.

ಆಕ್ಸಲ್ಲು ನೋಡಿ ಗಿರಿಮಲ್ಲಪ್ಪನವರು ಮಾರುಹೋದರು. ಮಿಲ್ಲಿನ ದೊಡ್ಡ ಶಾಫ್ಟು ಸವೆದಿತ್ತು. ತೊಗರಿಯ ಸುಗ್ಗಿಗೆ ಮುಂಚೆ ಹೊಸದು ಕೂರಿಸಬೇಕಿತ್ತು. "ಕೈ ಚಲೋ ಐತಿ ಇವಂದು. ನಮ್ಮ ಕೆಲಸ ಇವಂಗ ಕೊಡತೇನಿ," ಎಂದು ನನ್ನಿಂದ ನಂಬರು ಪಡೆದು, ಬರುತ್ತೇನೆಂದು ಅವನಿಗೆ ಫೋನೂ ಮಾಡಿದರು.

ಹಿತ್ತಾಳೆಯ ಪಿನ್ನು ಹೇಳಿದ ಮಾತಿನಂತೆ ನಡೆದುಕೊಂಡಿತು, ಎಂದರೆ ಮುರಿಯಿತು. ಮತ್ತೆ ಮುರಿಯಿತು. ಉಳಿದಿಬ್ಬರ ಗಾಡಿಗಳು ಧೂಳೆಬ್ಬಿಸಿಕೊಂಡು ಓಡುತ್ತಿರುವಾಗ ನಾನು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಕಡ್ಡಿಪೆಟ್ಟಿಗೆಯಲ್ಲಿ ತಡಕಾಡುತ್ತಿದ್ದೆ. "ಲೆಕ್ಚರರ್ ಗಾಡಿ ಮತ್ತ ರಜಾ ಹಾಕ್ತು ನೋಡ್ರಿ!" ಎಂದು ಡಾಕ್ಟರು ಕೂಗುತ್ತಿದ್ದರು. ಗೇರು ಉಳಿಯುತ್ತಿತ್ತು ನಿಜ, ಮರ್ಯಾದೆ ಉಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದು ಯೋಚಿಸಿದೆ. ತಿರುಚುಬಲದ ಸೂತ್ರವನ್ನು ತಲೆಕೆಳಗಾಗಿ ನಿಂತು ಹೇಳಬಲ್ಲವನು ನಾನು. ಲೇಥಿನ ಮುಂದೆ ನಿಂತವನೊಬ್ಬ ನನಗೆ ಬುದ್ಧಿ ಹೇಳುವುದೇ? ಮುರಿದುಬಿದ್ದಿದ್ದ ಡ್ರಿಲ್ ಬಿಟ್ಟಿನ ಗಟ್ಟಿ ಉಕ್ಕಿನಿಂದ ಒಂದು ತುಂಡು ಕತ್ತರಿಸಿ, ಉಜ್ಜಿ, ಹಿತ್ತಾಳೆಯ ಜಾಗದಲ್ಲಿ ಹೊಡೆದು ಕೂರಿಸಿದೆ. ಶರಣಪ್ಪನಿಗೆ ಹೇಳಲಿಲ್ಲ. ವಿದ್ವಾಂಸರು ಎಲ್ಲವನ್ನೂ ಎಲ್ಲರಿಗೂ ಹೇಳುವುದಿಲ್ಲ.

ಆ ಭಾನುವಾರ ನನ್ನ ಗಾಡಿ ಒಮ್ಮೆಯೂ ರಜೆ ಹಾಕಲಿಲ್ಲ, ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಹಿಂದಿನ ಗಾಲಿ ಸಿಕ್ಕಿಕೊಳ್ಳುವ ತನಕ. ಬಿಡಿಸಿಕೊಳ್ಳಲಿ ಎಂದು ರಿಮೋಟಿನ ಗುಂಡಿಯನ್ನು ಪೂರ್ತಿ ಒತ್ತಿದೆ. ಜೋಳದೊಳಗಿನ ಹರಳು ಹಲ್ಲಿಗೆ ಸಿಕ್ಕ ಹಾಗೆ ಒಂದು ಸದ್ದು, ಆಮೇಲೆ ನಿಶ್ಶಬ್ದ. ಬಿಚ್ಚಿ ನೋಡಿದರೆ ಗೇರಿನ ಹಲ್ಲುಗಳು ಪುಡಿಯಾಗಿದ್ದವು, ಶರಣಪ್ಪನ ಆಕ್ಸಲ್ಲು ತೂತಿನ ಬಳಿ ಸೀಳಿತ್ತು. ನನ್ನ ಪಿನ್ನು ಮಾತ್ರ ಗೀರೂ ಬೀಳದೆ, ಮದುವಣಿಗನಂತೆ ಮಿರುಗುತ್ತಿತ್ತು. ಏನಾಗಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿದ ಕ್ಷಣವೇ ಪಿನ್ನು ನನ್ನ ಮುಷ್ಟಿಗೆ, ಮುಷ್ಟಿಯಿಂದ ಪ್ಯಾಂಟಿನ ಜೇಬಿಗೆ ಇಳಿಯಿತು.

"ಏನಾತ್ರಿ?" ಎಂದರು ಡಾಕ್ಟರು.

"ಕಬ್ಬಿಣಕ್ಕ ಹದ ಇಲ್ರಿ," ಎಂದೆ ನಾನು, ತರಗತಿಯಲ್ಲಿ ಆಡುವಷ್ಟೇ ಖಚಿತ ದನಿಯಲ್ಲಿ. "ಗಾಣ ಕಡಿಯೂ ಕೈಯಾಗ ಇಂಥ ಕೆಲಸ ಹೆಂಗ ಬರ್ತೈತಿ? ನಂಬಬಾರದಾಗಿತ್ತು."

ಗಿರಿಮಲ್ಲಪ್ಪನವರು ಸೀಳಿದ ಆಕ್ಸಲ್ಲನ್ನು ಎತ್ತಿ ನೋಡಿದರು. ಮತ್ತೆ ಕೆಳಗಿಟ್ಟರು.

ಸೋಮವಾರ ಬಟ್ಟೆ ಒಗೆಯುವಾಗ ಶಾಂತಾಳ ಕೈಗೆ ಪಿನ್ನು ಸಿಕ್ಕಿತು. ಏನಿದು ಎಂದಳು, ಹಳೆಯ ಮೊಳೆ ಎಂದು ಹೇಳಿ ತೆಗೆದುಕೊಂಡೆ. ಎರಡು ವಾರದ ಮೇಲೆ, ನಾವು ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಡಾಕ್ಟರು ಫೋನು ಮಾಡಿದರು. ಗಿರಿಮಲ್ಲಪ್ಪನವರು ಶಾಫ್ಟಿನ ಕೆಲಸವನ್ನು ವಿಜಯಪುರದವರಿಗೆ ಕೊಟ್ಟರಂತೆ. "ನೀವು ಹೇಳಿದ್ದ ಚಲೋ ಆತ್ರಿ, ಇಲ್ಲಂದ್ರ ಸುಗ್ಗಿಯೊಳಗ ಮಿಲ್ಲು ನಿಂತು ಸಾವ್ಕಾರ್ರು ಫಜೀತಿ ಬೀಳ್ತಿದ್ರು," ಎಂದರು. ನಾನು ಫೋನಿಟ್ಟು ರೊಟ್ಟಿ ಮುರಿದೆ. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಶಾಂತಾ ನೋಡುತ್ತಿದ್ದಳು. ಹೆಂಡತಿಯ ಎದುರು ಮೌನವಾಗಿರುವುದು ಸಾಧ್ಯ, ಆದರೆ ಅವಳೂ ಮೌನವಾಗಿಬಿಟ್ಟರೆ ಸಾಧ್ಯವಿಲ್ಲ. ಎಲ್ಲವನ್ನೂ ಹೇಳಿದೆ.

"ಅಂವ ಬ್ಯಾಡ ಅಂದಿದ್ನಾ?" ಎಂದಳು.

"ಅಂದಿದ್ದ."

"ಮತ್ತ ನಿಮಗ ಅಲ್ಲೇ ಗೊತ್ತಾಗಿತ್ತು?"

"ಗೊತ್ತಾಗಿತ್ತು."

ಅವಳು ಬಯ್ಯಲಿಲ್ಲ. ತಾಟು ಎತ್ತಿಕೊಂಡು ಒಳಗೆ ಹೋಗುತ್ತ, "ಉಣ್ಣೂದು ಆಮ್ಯಾಲೆ ಆಗ್ತೈತಿ. ಮೊದಲ ಅವನ ಕಡೆ ಹೋಗಿ ಬರ್ರಿ," ಎಂದಳು.

ನೀವೀಗ ಒಂದು ದೃಷ್ಟಾಂತಕ್ಕೆ ಕಾಯುತ್ತಿರಬಹುದು: ಮನುಷ್ಯನಲ್ಲೂ ಒಂದು ಮೆತ್ತನೆಯ ಪಿನ್ನು ಇರಬೇಕು, ಅಹಂಕಾರ ಸಿಕ್ಕಿಕೊಂಡಲ್ಲಿ ಅದು ಮುರಿದು ಉಳಿದದ್ದನ್ನು ಕಾಯಬೇಕು, ಇತ್ಯಾದಿ. ಅಂಗಡಿಯ ತನಕ ನಡೆಯುವಾಗ ನನಗೂ ಹೊಳೆಯಿತು, ಎರಡು ಚಂದದ ವಾಕ್ಯಗಳೂ ಕಟ್ಟಿಕೊಂಡವು. ಆದರೆ ಕಂಡದ್ದಕ್ಕೆಲ್ಲ ಪಾಠ ಹೇಳುವ ಚಟವೇ ಈ ರಾದ್ಧಾಂತದ ಮೂಲವಾದ್ದರಿಂದ ಅವನ್ನು ಬಸ್ ಸ್ಟ್ಯಾಂಡಿನ ಬಳಿಯ ಗಟಾರಿಗೆ ಬಿಟ್ಟು ಮುಂದೆ ನಡೆದೆ.

ಶರಣಪ್ಪ ಸೀಳಿದ ಆಕ್ಸಲ್ಲನ್ನು ಬೆಳಕಿಗೆ ಹಿಡಿದ. ತೂತಿನ ಅಂಚಿಗೆ ಉಗುರು ತಾಗಿಸಿದ. "ಪಿನ್ ಬದಲಿ ಮಾಡಿದ್ರಿ, ಹೌದಿಲ್ರಿ?" ಎಂದ. ನಾನು ಜೇಬಿನಿಂದ ಉಕ್ಕಿನ ಪಿನ್ನು ತೆಗೆದು ಕೊಟ್ಟೆ. ಅವನಿಗೆ ನಗು ಬಂತು. "ಇರಲಿ ಬಿಡ್ರಿ, ಇನ್ನೊಂದು ಮಾಡಿ ಕೊಡತೇನಿ," ಎಂದ. ಅಲ್ಲಿಗೇ ಮುಗಿಸಿ ಬರಬಹುದಿತ್ತು. ಆ ಆಸೆ ನನಗೆ ಬರಲಿಲ್ಲವೆಂದರೆ ಅದು ಮೂರನೆಯ ಸುಳ್ಳು. ಸಾವ್ಕಾರರ ಎದುರು ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಶರಣಪ್ಪ ಲೇಥ್ ಬಂದ್ ಮಾಡಿದ. ಗೋಡೆಗೆ ಒರಗಿಸಿದ್ದ, ಆಳೆತ್ತರ ಮೀರಿದ ಉಕ್ಕಿನ ರಾಡಿನ ಕಡೆಗೆ ನೋಡಿದ.

"ಬರ್ತೇನಿ ಅಂದಿದ್ರು ಅವರು. ಅವರ ಶಾಫ್ಟಿಗಂತ ಇದನ್ನ ತರಿಸಿ ಇಟ್ಟಿದ್ದೆ," ಎಂದ. "ದಿನಾ ಹಾದಿ ನೋಡ್ತಿದ್ದೆ. ಯಾಕ ಬರಲಿಲ್ಲ ಅಂತ ತಿಳೀಲಿಲ್ಲ ನನಗ."

"ತಪ್ಪಾತು ಶರಣಪ್ಪ."

"ನನ್ನ ಮುಂದ ಯಾಕ ಹೇಳ್ತೀರಿ ಸರ? ನಾ ಎಂಥಾ ಕೆಲಸ ಮಾಡೇನಿ ಅನ್ನೂದು ನನಗ ಗೊತ್ತೈತಿ. ಗೊತ್ತಿಲ್ದವರ ಮುಂದ ಹೋಗಿ ಹೇಳ್ರಿ."

ಆಕ್ಸಲ್ಲನ್ನೂ ಪಿನ್ನನ್ನೂ ನನ್ನ ಕೈಗಿಟ್ಟು ಮತ್ತೆ ಲೇಥ್ ಚಾಲೂ ಮಾಡಿದ. ಮಾತು ಮುಗಿದಿತ್ತು.

ಮುಂದಿನ ಭಾನುವಾರಕ್ಕೆ ನಾನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಸಮೇತ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಇಂಗಳೇಶ್ವರದ ಬಿಸಿಲಲ್ಲಿ ಪೀಠಿಕೆ ಮರೆತೇಹೋಯಿತು. ಗಿರಿಮಲ್ಲಪ್ಪನವರ ಜೀಪಿನ ಬಾನೆಟ್ಟಿನ ಮೇಲೆ ಸೀಳಿದ ಆಕ್ಸಲ್ಲನ್ನೂ ಉಕ್ಕಿನ ಪಿನ್ನನ್ನೂ ಇಟ್ಟು, "ಆಕ್ಸಲ್ ಸರಿ ಇತ್ರಿ. ಅಂವ ಹಾಕಬ್ಯಾಡ ಅಂದಿದ್ದ ಪಿನ್ ನಾ ಹಾಕಿದ್ದೆ. ಅದು ಗಟ್ಟಿಯಾಗಿ ಆಕ್ಸಲ್ ಸೀಳ್ತು," ಎಂದೆ.

"ಈಗ ಗೊತ್ತಾತೇನ್ರಿ?" ಎಂದರು ಡಾಕ್ಟರು, ನನ್ನನ್ನು ಪಾರುಮಾಡುವ ಒಳ್ಳೆಯ ಮನಸ್ಸಿನಿಂದ. ಹೌದೆಂದಿದ್ದರೆ ಸಾಕಾಗಿತ್ತು.

"ಇಲ್ರಿ. ಅವತ್ತ ಗೊತ್ತಿತ್ತು."

ಇಷ್ಟು ವರ್ಷ ಬಾಯಿ ಮುಚ್ಚದ ಡಾಕ್ಟರು ಬಾಯಿ ಮುಚ್ಚಿದರು. ಅದಕ್ಕಿಂತ ಅವರು ಒಂದು ಹಲ್ಲು ಕಿತ್ತಿದ್ದರೆ ಹಗುರವಾಗುತ್ತಿತ್ತು. ಗಿರಿಮಲ್ಲಪ್ಪನವರು ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತ ನಿಂತರು.

"ಮಾಸ್ತರ್ರ, ನೀವು ಕಲಿತವರಂತ ನಿಮ್ಮ ಮಾತು ನಂಬಿದೆ," ಎಂದರು ಕೊನೆಗೆ. "ಅಂವಂಗ ಬರ್ತೇನಿ ಅಂತ ಮಾತು ಕೊಟ್ಟಾವ ನಾ. ಯಾಕ ಬರಲಿಲ್ಲ ಅಂತ ಒಂದು ಫೋನೂ ಮಾಡಲಿಲ್ಲ. ಈಗ ಶಾಫ್ಟ್ ಕುಂದರಿಸಿ ಆಗೇತಿ, ಮಿಲ್ಲು ಚಾಲೂ ಆಗೇತಿ. ಏನ್ ಮಾಡೂದು ಹೇಳ್ರಿ?"

ಅವರೇ ಅಲ್ಲಿಂದ ಶರಣಪ್ಪನಿಗೆ ಫೋನು ಹಚ್ಚಿ, ಜೀಪಿನ ಆಚೆಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ವಿಚಿತ್ರವಾದ ಒಂದು ಗೌರವವಿತ್ತು. "ಮಿಲ್ಲಿನ್ಯಾಗ ಬ್ಯಾರೆ ಸಣ್ಣ ಕೆಲಸ ಅದಾವ, ಮಾಡಿ ಕೊಡು ಅಂದೆ. ಕಬ್ಬಿನ ಹಂಗಾಮ ಐತ್ರಿ, ಒಂದ ತಿಂಗಳ ಬಿಟ್ಟು ಬರ್ರಿ ಅಂದ. ನನಗ ವಾಯಿದೆ ಹೇಳ್ತಾನ!"

ಆ ದಿನ ಅವರಿಬ್ಬರ ಗಾಡಿಗಳನ್ನೇ ಮೂವರೂ ಸರದಿಯ ಮೇಲೆ ಓಡಿಸಿದೆವು. ಯಾರೂ ಯಾರನ್ನೂ ಗೇಲಿ ಮಾಡಲಿಲ್ಲ. ಗೇಲಿಯಿಲ್ಲದ ಮೇಲೆ, ಐವತ್ತು ದಾಟಿದ ಮೂವರು ಗಂಡಸರು ಬಿಸಿಲಲ್ಲಿ ನಿಂತು ಸಣ್ಣ ಟ್ರಕ್ಕು ಓಡಿಸುವುದು ಹೇಗೆ ಕಾಣುತ್ತದೆ ಎಂಬುದು ನನಗೆ ಮೊದಲ ಬಾರಿಗೆ ಕಂಡಿತು. ಕುರಿ ಕಾಯುವವರ ಮುಖದ ಅಚ್ಚರಿ ನ್ಯಾಯವಾದದ್ದೇ.

ಮರುದಿನ ಕಾಲೇಜು ಮುಗಿಸಿ ಶರಣಪ್ಪನ ಅಂಗಡಿಗೆ ಹೋದೆ. ಗೋಡೆಗೆ ಒರಗಿದ್ದ ರಾಡು ಕಾಣಲಿಲ್ಲ. ಅದರ ಒಂದು ತುಂಡು ಲೇಥಿನ ಬಾಯಲ್ಲಿ ತಿರುಗುತ್ತಿತ್ತು, ಯಾವುದೋ ಕಬ್ಬಿನ ಟ್ರ್ಯಾಲಿಗೆ. "ಸುಮ್ನ ಯಾಕ ನಿಂದ್ರಸೂದು ಅಂತ ಕಡದೆ," ಎಂದ, ನಾನು ಕೇಳುವ ಮೊದಲೇ. ಎದುರಿನ ಹೋಟೆಲಿನಿಂದ ಎರಡು ಕಪ್ ಚಹಾ ತರಿಸಿದ. ಸ್ಟೂಲಿನ ಮೇಲಿದ್ದ ಬೋಲ್ಟುಗಳನ್ನು ಬದಿಗೆ ಸರಿಸಿ ನನಗೆ ಜಾಗ ಮಾಡಿಕೊಟ್ಟ.

"ಇನ್ನೂ ಸಿಟ್ಟ ಐತೇನು?" ಎಂದು ಕೇಳಿದೆ.

ಶರಣಪ್ಪ ಕೈಗೆ ಮೆತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಪ್ರಾಮಾಣಿಕವಾಗಿ ಯೋಚಿಸಿದ. "ಐತ್ರಿ," ಎಂದ. "ಹೋಗ್ತೈತಿ, ಜಲ್ದಿ ಏನ್ ಹೋಗೂದಿಲ್ಲ. ಚಾ ಆರಾಕತ್ತೈತಿ, ಕುಡೀರಿ."

ಕುಡಿದೆ. ಸಕ್ಕರೆ ವಿಪರೀತವಾಗಿತ್ತು, ಹಾಲು ಸೀದಿತ್ತು. ಹಾಲಿಗೂ ಉರಿಗೂ ಇರುವ ಸಂಬಂಧದ ಬಗ್ಗೆ ಭೌತಶಾಸ್ತ್ರದಲ್ಲಿ ಹೇಳಬಹುದಾದದ್ದು ಬಹಳಷ್ಟಿದೆ. ನಾನು ಏನೂ ಹೇಳಲಿಲ್ಲ.