ಹೊಳೆಯಬಾರದ ರೋಲರುಗಳು

ಎರ್ನಾಕುಲಂನ ನಮ್ಮ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನನಗೆ ಆಫ್‌ಸೆಟ್ ಮುದ್ರಣ ವಿಭಾಗದ ಉಸ್ತುವಾರಿ ಕೊಟ್ಟಿದ್ದರು. ಮೈಸೂರಿನಿಂದ ಹೋದ ನನಗೆ ಮುದ್ರಣದ ಗಂಧಗಾಳಿಯೂ ಇರಲಿಲ್ಲ; ಉಸ್ತುವಾರಿಗೆ ಅದೇ ಅರ್ಹತೆಯಾಗಿದ್ದಿರಬೇಕು. ಯಂತ್ರ ನಡೆಸುತ್ತಿದ್ದವರು ಮಟ್ಟಾಂಚೇರಿಯಲ್ಲಿ ಮನೆ ಮಾಡಿಕೊಂಡಿದ್ದ ಕಾಸರಗೋಡಿನವರೊಬ್ಬರು. ದಿನಾ ಸಂಜೆ ಶಾಯಿಯ ರಬ್ಬರ್ ರೋಲರುಗಳನ್ನು ಒಂದೊಂದಾಗಿ ತೊಳೆದು, ಒರೆಸಿದ ಮೇಲೆಯೇ ಮನೆಗೆ ಹೊರಡುತ್ತಿದ್ದರು. ನನ್ನ ಮಗಳಿಗೆ ನಾನು ಅಷ್ಟು ಅಕ್ಕರೆಯಿಂದ ಸ್ನಾನ ಮಾಡಿಸಿದ ನೆನಪಿಲ್ಲ.

ತಿರುವನಂತಪುರದಿಂದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಯಂತ್ರ ಉಳಿಯಬೇಕೋ ಗುಜರಿಗೆ ಹೋಗಬೇಕೋ ಎಂದು ಅಂದೇ ತೀರ್ಮಾನ. ಗುಜರಿಗೆ ಹೋದರೆ ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ನಮ್ಮ ಕಾಸರಗೋಡಿನವರಿಗೆ ತಿರುವನಂತಪುರಕ್ಕೆ ವರ್ಗ. ಇವರನ್ನು ಉಳಿಸಿಕೊಳ್ಳಬೇಕೆಂದು ನನಗೆ ನಿಜಕ್ಕೂ ಇತ್ತು. ಆದರೆ ರೋಲರುಗಳು ಮಂಕಾಗಿ ಕಂಡವು. ಸ್ವಲ್ಪ ಪಾಲಿಶ್ ಹಾಕೋಣವೇ ಎಂದೆ.

"ರೋಲರ್ ಹೊಳಿಲಿಕ್ಕಿಲ್ಲ ಮಾರಾಯ್ರೆ," ಎಂದರು. "ಹೊಳೆದ್ರೆ ಮತ್ತೆ ಶಾಯಿ ಹಿಡಿಯುದಿಲ್ಲ."

ಕೆಲಸಗಾರರು ಮೈಗಳ್ಳತನಕ್ಕೂ ಶಾಸ್ತ್ರ ಹೇಳುತ್ತಾರೆ ಎಂಬುದು ಅಧಿಕಾರಿಗಳ ನಂಬಿಕೆ, ನಾನೂ ಅಧಿಕಾರಿಯೇ. ತಪಾಸಣೆಯ ದಿನ, ಮಟ್ಟಾಂಚೇರಿಯಿಂದ ಇವರ ಬೋಟು ಬರುವ ಮೊದಲೇ ಕಚೇರಿಗೆ ಹೋಗಿ, ಕಾರಿನ ಡ್ಯಾಶ್‌ಬೋರ್ಡಿಗೆ ಹಚ್ಚುವ ಪಾಲಿಶ್‌ನಿಂದ ರೋಲರುಗಳನ್ನೆಲ್ಲ ಉಜ್ಜಿದೆ. ಸರ್ವಿಸಿನಲ್ಲಿ ನಾನು ಕೈಯಾರೆ ಮಾಡಿದ ಮೊದಲ ಕೆಲಸ ಅದು. ಮುಖ ಕಾಣುವಷ್ಟು ಹೊಳೆದವು.

ಸಾಹೇಬರು ಹೊಳಪನ್ನು ಮೆಚ್ಚಿ, ನನ್ನ ಬೆನ್ನು ತಟ್ಟಿ, ಒಂದು ಹಾಳೆ ಹೊಡೆದು ತೋರಿಸಲು ಹೇಳಿದರು. ಯಂತ್ರ ತಿರುಗಿತು. ಶಾಯಿ ರೋಲರಿನ ಮೇಲೆ ನಿಲ್ಲಲೇ ಇಲ್ಲ. ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಅಕ್ಷರ. ಯಂತ್ರ ನಡೆಸುತ್ತಿದ್ದ ಇವರು ಬಾಗಿ, ರೋಲರನ್ನು ಬೆರಳಿನಿಂದ ಸವರಿ, ಮೂಸಿ ನೋಡಿದರು. ನನ್ನ ಕಾರಿನಲ್ಲಿ ಎಷ್ಟೋ ಸಲ ಕೂತವರು, ವಾಸನೆ ಗೊತ್ತಾಗಿರಬೇಕು.

ಈ ರೋಲರುಗಳನ್ನು ನೋಡಿಕೊಳ್ಳುವವರು ಯಾರು ಎಂದು ಸಾಹೇಬರು ಕೇಳಿದರು. ನಾನೇ ಹೇಳಲೆಂದು ಇವರು ನನ್ನ ಮುಖವನ್ನೇ ನೋಡುತ್ತಾ ನಿಂತರು.

"ಇವರೇ ಸರ್," ಎಂದೆ.

ಕಡತದ ಪ್ರಕಾರ ಅದು ಸತ್ಯವೂ ಆಗಿತ್ತು. ಆ ಸತ್ಯ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಯಂತ್ರ ಗುಜರಿಗೆ ಹೋಯಿತು, ಅವರು ತಿರುವನಂತಪುರಕ್ಕೆ. ಬೀಳ್ಕೊಡುಗೆಯ ಭಾಷಣ ವಿಭಾಗದ ಮುಖ್ಯಸ್ಥನಾದ ನನ್ನದೇ. ಅವರ ಪ್ರಾಮಾಣಿಕತೆಯನ್ನು ಹತ್ತು ನಿಮಿಷ ಹೊಗಳಿದೆ. ಅವರು ಎದ್ದು ನಿಂತು ನನಗೆ ಕೈ ಮುಗಿದರು.