ಚಿಕ್ಕಪ್ಪನಿಗೆ ಹಾಕಿದ ಎಲೆ

ನನ್ನ ತಮ್ಮನಷ್ಟು ಧೈರ್ಯದ ಗಂಡಸನ್ನು ನಾನು ಕಂಡಿಲ್ಲ. ಕೊಡಗಿನಲ್ಲಿ ಕೋವಿ ಹಿಡಿದವರಿಗೆ, ಮಿಲಿಟರಿಯಿಂದ ರಿಟೈರ್ ಆದವರಿಗೆ ಬರವಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಕರೇಜ್ ಎಂದರೆ ಸಂತರ ಕಥೆ ಹೇಳುತ್ತಿದ್ದರು. ಎಲ್ಲರನ್ನೂ ನೆನೆದುಕೊಂಡೇ ಈ ಮಾತು ಬರೆಯುತ್ತಿದ್ದೇನೆ.

ಕೈಲ್ ಮುಹೂರ್ತದ ಹಬ್ಬಕ್ಕೆ ಹಿರಿಯರಿಗೆ ಬಡಿಸುವುದು ನಮ್ಮ ಗೌಡರ ಮನೆಯ ಪದ್ಧತಿ. ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ. ಅದರಲ್ಲಿ ಕಡುಬು, ಹಂದಿ ಸಾರು, ಪಕ್ಕದಲ್ಲಿ ಅವರವರ ಇಷ್ಟದ ಡ್ರಿಂಕ್. ಮನೆಯ ಹಿರಿಯ ಗಂಡಸು ಪ್ರತಿ ಎಲೆಯ ಮುಂದೆ ಬಗ್ಗಿ, ಬಂದು ತಗೊಳ್ಳಿ, ನಮ್ಮನ್ನು ಕಾಪಾಡಿ ಎನ್ನಬೇಕು. ಈಗ ಆ ಹಿರಿಯ ನನ್ನ ತಮ್ಮ. ಕಳೆದ ಹಬ್ಬಕ್ಕೆ ಸ್ವಲ್ಪ ಮುಂಚೆ ನಮ್ಮ ಚಿಕ್ಕಪ್ಪ ತೀರಿಕೊಂಡಿದ್ದರಿಂದ ಆತನಿಗೂ ಎಲೆ ಬಿತ್ತು.

ತಮ್ಮ ಸಣ್ಣವನಿದ್ದಾಗ ಆ ಚಿಕ್ಕಪ್ಪ ಅವನನ್ನು ಕಾಫಿ ಗೋಡೌನಿಗೆ ಕರೆದೊಯ್ದು ಲೈಂಗಿಕವಾಗಿ ಹಿಂಸಿಸುತ್ತಿದ್ದ. ಒಂದೆರಡು ಸಲವಲ್ಲ, ವರ್ಷಗಟ್ಟಲೆ. ನಮಗಾರಿಗೂ ಗೊತ್ತಾಗಲಿಲ್ಲ. ಕಂಡದ್ದು ಅದರ ಫಲ ಮಾತ್ರ. ಬಾರ್ಬರ್ ಕತ್ತಿನ ಹಿಂದೆ ಕೈಯಿಟ್ಟರೆ ತಮ್ಮ ಬೆವರುತ್ತಿದ್ದ. ಕೊನೆಗೆ ಹೆಂಡತಿಯೇ ಅವನ ಕೂದಲು ಕತ್ತರಿಸತೊಡಗಿದಳು. ಕಾಫಿ ಪಿಕಿಂಗ್ ಸಮಯದಲ್ಲಿ ಗೋಡೌನಿಗೆ ತಾನು ಹೋಗದೆ ತೋಟದ ಲೆಕ್ಕ ಬರೆಯುವ ರೈಟರನನ್ನೇ ಕಳಿಸುತ್ತಿದ್ದ. ಒಂದಷ್ಟು ಕಾಲ ವಿಪರೀತ ಕುಡಿದ. ನರ್ವ್ಸ್ ತೊಂದರೆ ಇರಬೇಕು ಎಂದುಕೊಂಡೆವು. ಮೊಮ್ಮಗಳು ಹುಟ್ಟಿದಾಗ, ಈ ಮಗುವನ್ನು ಲೋಕದಿಂದ ಕಾಯುವುದು ಹೇಗೆಂದು ದಿಗಿಲಾಗಿ, ತಾನೇ ಮೈಸೂರಿಗೆ ಹೋಗಿ ಸೈಕಿಯಾಟ್ರಿಸ್ಟರನ್ನು ಕಂಡ. ಅಲ್ಲಿ ಬಾಯಿ ಬಿಟ್ಟ ಮೇಲೆ ಹೆಂಡತಿಗೆ ಹೇಳಿದ, ಆಮೇಲೆ ನನಗೆ. ಈಗಲೂ ಮಾತ್ರೆ ಇದೆ, ಕೌನ್ಸೆಲಿಂಗ್ ಇದೆ, ಹಾಸಿಗೆಯಿಂದ ಏಳಲಾಗದ ದಿನಗಳೂ ಇವೆ. ಮರುದಿನ ಎದ್ದು ತೋಟಕ್ಕೆ ಹೋಗುತ್ತಾನೆ.

ಹಬ್ಬದ ದಿನ ಬಡಿಸುತ್ತ ಬಂದವನು ಚಿಕ್ಕಪ್ಪನ ಎಲೆಯ ಮುಂದೆ ನಿಂತ. ಬಗ್ಗಿಬಿಡುತ್ತಾನೋ ಎಂದು ನಾನು ಅವನನ್ನೇ ನೋಡುತ್ತಿದ್ದೆ.

"ಇವ್ರಿಗೆ ನನ್ನ ಕೈಲಿ ಬಡ್ಸಿಕೆ ಆಕಿಲೆ," ಎಂದ.

ಮೂಲೆಯಲ್ಲಿ ಕುಳಿತಿದ್ದ ನಮ್ಮ ಮುದಿ ಸೋದರತ್ತೆ ಸಿಡುಕಿದರು. "ಸತ್ತವ್ರ ಮೇಲೆ ಎಂಥ ಕೋಪನೋ ನಿಂಗೆ? ನನ್ನ ತಮ್ಮ ಅವ. ಒಂದು ಕಡ್ಬು ಹಾಕಿರೆ ನಿಂಗೇನು ನಷ್ಟ?"

"ಕೋಪ ಅಲ್ಲ ಅತ್ತೆ. ನಾ ಸಣ್ಣವ ಇರ್ವಾಗ ಗೋಡೌನ್‌ಲಿ ಇವ್ರು ನನ್ನ ಮೈ ಹಾಳು ಮಾಡಿದ್ರು. ಆಗ ಬೇಡ ಬೇಡ ಅಂತ ಕಣ್ಣೀರು ಹಾಕಿದೆ, ಬಿಡ್ಲಿಲ್ಲೆ. ಈಗ ಕಾಪಾಡಿ ಅಂತ ಇವ್ರ ಹತ್ರ ಹೆಂಗೆ ಕೇಳ್ಲಿ?"

ದನಿ ಏರಿಸಲಿಲ್ಲ. ಅಷ್ಟು ಜನರೆದುರು, ಹಬ್ಬದ ಬಿಳಿ ಬಟ್ಟೆಯಲ್ಲಿ, ಸೌಟು ಹಿಡಿದುಕೊಂಡೇ ಹೇಳಿದ.

ಎಲ್ಲರೂ ಚಿಕ್ಕಪ್ಪನ ಮಗಳ ಕಡೆ ನೋಡಿದರು. ಅವಳು ಮುಂದೆ ಬಂದು ಅಪ್ಪನ ಎಲೆಯ ಪಕ್ಕದ ಬ್ರಾಂಡಿಯನ್ನು ವಾಪಸ್ ಬಾಟಲಿಗೆ ಹೊಯ್ದಳು.

"ಅಯ್ಯೋ, ಹಿರಿಯರಿಗೆ ಕೊಟ್ಟದ್ದನ್ನ ತೆಗೆಯುದಾ!" ಎಂದರು ಸೋದರತ್ತೆ.

"ಇನ್ನೂ ಕೊಟ್ಟಾಗಿಲ್ಲೆ ಅತ್ತೆ." ಎಲೆಯನ್ನು ಮಡಚಿ ಕೈಗೆತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು. "ಅಣ್ಣ, ಮುಂದಿನದು ಅಜ್ಜಿ ಎಲೆ. ಬಡ್ಸಿ, ಕಡ್ಬು ತಣ್ಣಗಾಗ್ತಾ ಉಟ್ಟು."

ತಮ್ಮ ಒಂದು ಹೆಜ್ಜೆ ಸರಿದು ಅಜ್ಜಿಯ ಎಲೆಗೆ ಬಗ್ಗಿದ. ಸೌಟಿನ ಸಾರು ನೆಲಕ್ಕೆ ಚೆಲ್ಲಿತು. ಮತ್ತೆ ತೋಡಿ ಬಡಿಸಿದ.