ತನೂಫಿನಲ್ಲಿ ಕೇಳಿದ ಗ್ರೈಂಡರ್

ಮೂರು ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೂ ಇಲ್ಲಿ ಗಲ್ಫಿನಲ್ಲಿ, ನಾವಿದ್ದ ಸೀಬ್ ಊರಿನ ಒಂದು ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿ ಆಗಿನ್ನೂ ನಾಲ್ಕು ತಿಂಗಳು. ಒಂದು ಶುಕ್ರವಾರ ನಮ್ಮ ಯಜಮಾನರು, "ತನೂಫ್ ನೋಡಿ ಬರೂಣು, ಕಂಪನಿಯ ನಮ್ಮ ಕಡೆ ಮಂದೀನೂ ಬರ್ತಾರ" ಅಂದರು. ಎಲ್ಲಿಗಾದರೂ ಕರೆದುಕೊಂಡು ಹೋಗಿರೆಂದು ಬಾಯಿ ಬಡಿದುಕೊಂಡರೂ ಅಲುಗದ ಮನುಷ್ಯ! ಖುಷಿಯಲ್ಲಿ ನಸುಕಿನಲ್ಲೇ ಎದ್ದು ಇಪ್ಪತ್ತು ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ.

ತನೂಫ್ ಬೆಟ್ಟದ ಬುಡದ ಹಳೆಯ ಮಣ್ಣಿನ ಊರು. ಐವತ್ತರ ದಶಕದ ಯುದ್ಧದಲ್ಲಿ ವಿಮಾನಗಳು ಬಾಂಬು ಹಾಕಿದ ಮೇಲೆ ಅದನ್ನು ಯಾರೂ ಮತ್ತೆ ಕಟ್ಟಲಿಲ್ಲ. ಸೂರಿಲ್ಲದ ಗೋಡೆಗಳ ನಡುವೆ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಒಂದು ಗೋಡೆ ತೋರಿಸಿ ಏನೋ ಹೇಳಿದರು. ಕೆಲಸದ ಸೈಟಿನಲ್ಲಿ ಅರಬಿ ಕಲಿತಿದ್ದ ಯಜಮಾನರೇ ನನಗೆ ಬಿಡಿಸಿ ಹೇಳಿದರು: "ಅದು ಅವರ ಮನಿ ಅಂತ. ಬಾಂಬ್ ಹಾಕೂಕಿಂತ ಮೊದಲ ವಿಮಾನದಿಂದ ಚೀಟಿ ಒಗದಿದ್ರಂತ, ಹುಷಾರ್ ಅಂತ."

ಊಟಕ್ಕೆ ಕೂತಾಗ ಎಲ್ಲರಿಗೂ ನನ್ನ ಮೇಲೆ ಎಂದಿಲ್ಲದ ಅಕ್ಕರೆ. ಒಬ್ಬರು ನೀರು ತಂದುಕೊಟ್ಟರು, ಇನ್ನೊಬ್ಬರು ಬಡಿಸಲು ಏಳಗೊಡಲಿಲ್ಲ. ನಾನೊಬ್ಬ ಹುಚ್ಚಿ, ರೊಟ್ಟಿ ರುಚಿಯಾಗಿದೆ ಅದಕ್ಕೆ ಅಂದುಕೊಂಡೆ. ಆಗ ನಮ್ಮ ಕೆಳಗಿನ ಮನೆಯಾಕೆ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಗ್ರೈಂಡರ್ ಯಾರಿಗೂ ಕೊಡ್ತೀನಿ ಅಂದಿಲ್ಲಲ್ಲ? ನಮಗಿರ್ಲಿ."

ಗಲ್ಫ್ ಬಿಟ್ಟು ಕಾಯಂ ಊರಿಗೆ ಹೊರಟವರ ಸಾಮಾನನ್ನು ಮಾತ್ರ ಹೀಗೆ ಮೊದಲೇ ಹೇಳಿಡುತ್ತಾರೆ. ನಾನೂ ಹೇಳಿಟ್ಟವಳೇ, ಆ ಗ್ರೈಂಡರ್ ನನಗೆ ಬಂದದ್ದೂ ಹಾಗೆಯೇ. ತುತ್ತು ಕೈಯಲ್ಲೇ ಉಳಿಯಿತು.

"ಯಾರ್ ಹೊಂಟಾರವಾ ಊರಿಗೆ?" ಅಂದೆ. ಆಕೆ ಯಜಮಾನರ ಮುಖ ನೋಡಿದಳು.

ಆಗ ಎಲ್ಲ ಹೊರಬಿತ್ತು. ದೂರದ ದುಕ್ಮ್ ಬಂದರಿನ ಕೆಲಸಕ್ಕೆ ಹೋಗಲು ಒಪ್ಪಿ ಯಜಮಾನರು ಸಹಿ ಹಾಕಿ ತಿಂಗಳಾಗಿತ್ತು. ಅಲ್ಲಿರುವುದು ಕ್ಯಾಂಪು, ಸಂಸಾರಕ್ಕೆ ಜಾಗವಿಲ್ಲ. ಸೀಬಿನ ಕಂಪನಿ ಮನೆ ವಾಪಸ್ಸು. ನಾನು ಕೆಲಸ ಬಿಟ್ಟು ಬಿಜಾಪುರಕ್ಕೆ. ಇಷ್ಟೂ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ನನ್ನನ್ನು ಬೀಳ್ಕೊಡುವ ಊಟಕ್ಕೆ ನಾನೇ ರೊಟ್ಟಿ ಬಡಿದು ತಂದಿದ್ದೆ!

"ನಿನಗ ಬ್ಯಾಸರ ಆಗ್ತದಂತ ಹೇಳ್ಲಿಲ್ಲ. ಇಲ್ಲಿ ನಿಧಾನಕ್ಕ ಹೇಳೂಣಂತ..." ಅಂದರು ಯಜಮಾನರು.

ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಅಳು ಬರಲಿಲ್ಲ, ಸಿಟ್ಟೇ ಬಂತು. ಎಲ್ಲರೆದುರಿಗೇ ಆ ಗೋಡೆಯ ಕಡೆ ಕೈ ಮಾಡಿದೆ.

"ಆ ಅಜ್ಜನ ಮನಿ ಮ್ಯಾಲೆ ಬಾಂಬ್ ಹಾಕಿದವರು ಮೊದಲ ಒಂದ್ ಚೀಟಿಯರೆ ಒಗದಿದ್ರು," ಅಂದೆ. "ನೀವು ಅದನ್ನೂ ಒಗೀಲಿಲ್ಲ."